ಕಾಕಟಿಯಲ್ ತರೋಕೆ ಮುಂಚೆ ಡಾಕ್ಟ್ರು ಎಲ್ಲಿದ್ದಾರೆ ನೋಡ್ಕೊಳ್ಳಿ: ಕೊಡಗಿನ ಮಳೇಲಿ ನಮ್ಮ ಬೆಣ್ಣೆ ಉಳಿದಿದ್ದು

ನಿನ್ನೆ ಬೆಳಿಗ್ಗೆ ನಮ್ಮ ಕಾಕಟಿಯಲ್ ಹಕ್ಕಿ ಬೆಣ್ಣೆ, ಪಂಜರದ ಮೇಲಿನ ಕೋಲು ಹತ್ತಿ ಕೂತ್ಕೊಂಡ್ತು. ಅದು ಆ ಕೋಲು ಹತ್ತದೆ 17 ದಿನ ಆಗಿತ್ತು. ಮಗಳು ಸ್ಕೂಲ್ ಬ್ಯಾಗ್ ಬೆನ್ನಿಗೆ ಹಾಕ್ಕೊಂಡೇ ಪಂಜರದ ಮುಂದೆ ನಿಂತು ಅಳೋಕೆ ಶುರು ಮಾಡಿದ್ಲು, ನಂಗೂ ಕಣ್ಣು ತುಂಬಿ ಬಂತು, ಹೊರಗೆ ಆಟೋದವ್ರು ಹಾರ್ನ್ ಹೊಡೀತಾನೇ ಇದ್ರು.

ಇದೆಲ್ಲ ಮರೆಯೋಕೆ ಮುಂಚೆ ಬರೆದಿಡೋಣ ಅಂತ ಕೂತಿದೀನಿ. ಯಾಕಂದ್ರೆ ಬೆಣ್ಣೆ ಹೊಟ್ಟೇಲಿ ಮೊಟ್ಟೆ ಸಿಕ್ಕಿಹಾಕ್ಕೊಂಡ ಆ ರಾತ್ರಿ ರೇಂಜ್ ಸಿಕ್ಕಿದ ಐದು ನಿಮಿಷದಲ್ಲಿ ನಾನು ಹುಡುಕಿದಾಗ ನಮ್ಮ ಕಡೆ ಹವೆಗೆ, ನಮ್ಮ ಕಡೆ ಅನುಕೂಲಕ್ಕೆ ತಕ್ಕ ಹಾಗೆ ಕನ್ನಡದಲ್ಲಿ ಒಂದು ಸಾಲೂ ಸಿಗ್ಲಿಲ್ಲ. ಕೊಡಗಲ್ಲಿ ಯಾರಾದ್ರೂ ಈ ಹಕ್ಕಿ ತರ್ಬೇಕು ಅಂತಿದ್ರೆ ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ.

ನಮ್ಮದು ಸುಂಟಿಕೊಪ್ಪ ಮಾದಾಪುರ ಮಧ್ಯೆ ಸಣ್ಣ ಕಾಫಿ ತೋಟ. ಮನೇಲಿ ಅತ್ತೆ, ಮಾವ, ನಮ್ಮನೆಯವ್ರು, ನಾನು, ಎಂಟನೇ ಕ್ಲಾಸಿನ ಮಗಳು. ಮುಂಚೆ ನಾಯಿ ಇತ್ತು, ಚಿರತೆ ಹೊತ್ಕೊಂಡು ಹೋಯ್ತು, ಆಮೇಲೆ ಮಗಳು ನಾಯಿ ಅಂತ ಬಾಯೇ ತೆಗೀಲಿಲ್ಲ. 2024ರ ಜನವರಿ ಕೊನೇಲಿ ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ ಹಕ್ಕಿ ಆದ್ರೂ ತರೋಣ ಅಂತ ಮೈಸೂರಿಗೆ ಹೋದ್ವಿ. ಅಂಗಡೀಲಿ ಇದನ್ನ ಎಲ್ರೂ ಕಾಕ್‌ಟೇಲ್ ಅಂತಾನೇ ಕರೀತಾರೆ, ಸರಿಯಾದ ಹೆಸರು ಕಾಕಟಿಯಲ್. ಆಸ್ಟ್ರೇಲಿಯಾದ ಹಕ್ಕಿ, ಜುಟ್ಟಿರೋ ಕಾಕಟೂ ಕುಟುಂಬದಲ್ಲಿ ಎಲ್ಲಕ್ಕಿಂತ ಚಿಕ್ಕದು, ಕೈಯಲ್ಲಿ ಹಿಡಿದ್ರೆ ನೂರು ಗ್ರಾಂ ಆಸುಪಾಸು ಇರುತ್ತೆ. ಒಂದು ಬೂದು ಬಣ್ಣದ್ದು, ಒಂದು ಲುಟಿನೋ ಅಂದ್ರೆ ಬಿಳಿ ಹಳದಿ ಮೈ, ಕೆನ್ನೇಲಿ ಕಿತ್ತಳೆ ಬೊಟ್ಟು. ಎರಡಕ್ಕೂ ಸೇರಿ 4,800 ಕೊಟ್ವಿ. ಬೂದು ಹಕ್ಕಿಗೆ ಮಗಳು ಮೋಡ ಅಂತ ಹೆಸರಿಟ್ಲು, ಬಿಳೀದು ಬೆಣ್ಣೆ.

ಅಂಗಡಿಯವ್ರು ಎರಡೂ ಗಂಡು, ಎರಡೂ ಚೆನ್ನಾಗಿ ಮಾತಾಡ್ತವೆ ಅಂದ್ರು. ನಾವು ನಂಬಿದ್ವಿ. ಆದ್ರೆ ಮರಿಗಳಲ್ಲಿ ಗಂಡು ಹೆಣ್ಣು ನೋಡಿ ಹೇಳೋಕೆ ಆಗೋದೇ ಇಲ್ಲ. ಬೂದು ಬಣ್ಣದ್ದಾದ್ರೆ ಆರು ತಿಂಗಳ ಮೇಲೆ ಮೊದಲ್ನೇ ಸಲ ಪುಕ್ಕ ಉದುರಿ ಹೊಸದು ಬಂದಾಗ ಗಂಡಿಗೆ ಮುಖ ಪೂರ್ತಿ ಹಳದಿ ಆಗುತ್ತೆ, ಹೆಣ್ಣಿಗೆ ಮುಖ ಮಾಸಲಾಗೇ ಇದ್ದು ಬಾಲದ ಕೆಳಗೆ ಪಟ್ಟೆ ಉಳಿಯುತ್ತೆ. ಲುಟಿನೋದಲ್ಲಿ ಆ ಪಟ್ಟೆ ಹಳದಿ ಮೇಲೆ ಹಳದಿ, ಬೆಳಕಿಗೆ ಹಿಡಿದು ನೋಡಿದ್ರೆ ಮಾತ್ರ ಕಾಣುತ್ತೆ. ಗ್ಯಾರಂಟಿ ಬೇಕು ಅಂದ್ರೆ ಪುಕ್ಕ ಕಿತ್ತು ಲ್ಯಾಬಿಗೆ ಕಳ್ಸಿ ಡಿಎನ್ಎ ಟೆಸ್ಟ್ ಮಾಡಿಸ್ಬಹುದು. ನಾವು ಮಾಡಿಸ್ಲಿಲ್ಲ. ಮಾಡಿಸಿದ್ರೆ ಬೆಣ್ಣೆ ಹೆಣ್ಣು ಅಂತ ಒಂದು ವರ್ಷ ಮುಂಚೇನೇ ಗೊತ್ತಾಗಿ, ಕ್ಯಾಲ್ಸಿಯಂ ವಿಷಯದಲ್ಲಿ ಮೊದಲ್ನಿಂದಾನೂ ಎಚ್ಚರ ಇರ್ತಿತ್ತು.

ಪಂಜರದ ವಿಷಯ ಬೇಗ ಹೇಳ್ಬಿಡ್ತೀನಿ. ಅಂಗಡೀಲಿ 900 ರೂಪಾಯಿದು ಕೊಟ್ರು, ಅದರಲ್ಲಿ ರೆಕ್ಕೆ ಪೂರ್ತಿ ಬಿಚ್ಚೋಕೂ ಆಗ್ತಿರ್ಲಿಲ್ಲ. ತಿಂಗಳೊಳಗೆ 3,400 ಕೊಟ್ಟು ದೊಡ್ಡದು ತಂದ್ವಿ. ಮೊದ್ಲೇ ದೊಡ್ಡದು ತಗೊಳ್ಳಿ, ಸರಳುಗಳ ಮಧ್ಯೆ ಸಂದು ಅರ್ಧ ಇಂಚಿನಷ್ಟಿರ್ಲಿ, ಇಲ್ಲಾಂದ್ರೆ ತಲೆ ತೂರಿಸಿ ಸಿಕ್ಕಿಹಾಕ್ಕೊಳ್ತವೆ. ಜಗಲೀಲಿಡೋದಾದ್ರೆ ಹೊರಗಿಂದ ಇನ್ನೊಂದು ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು, ನಮ್ಮ ಕಡೆ ಕೇರೆ ಹಾವು ಇಲಿ ಅಟ್ಟಿಸ್ಕೊಂಡು ಮನೆ ಒಳಗೇ ಬರುತ್ತೆ. ಹೊಸ ಜಿಐ ಜಾಲರಿ ಆದ್ರೆ ವಿನೆಗರ್ ಹಾಕಿ ಚೆನ್ನಾಗಿ ಉಜ್ಜಿ ತೊಳೀರಿ, ಅದರ ಮೇಲಿರೋ ಸತುವನ್ನ ಕಚ್ಚಿ ನುಂಗಿದ್ರೆ ವಿಷ ಆಗುತ್ತೆ.

ತಂದು ಎರಡು ತಿಂಗಳಿಗೆ ಕಾನೂನಿನ ಭಯ ಶುರು ಆಯ್ತು. ಪಕ್ಕದ ತೋಟದ ಅಣ್ಣ ಬಂದು, ಏನಮ್ಮ, ವಿದೇಶಿ ಹಕ್ಕಿ ಸಾಕೋರೆಲ್ಲ ರಿಜಿಸ್ಟರ್ ಮಾಡಿಸ್ಬೇಕಂತೆ, ಇಲ್ಲಾಂದ್ರೆ ಫಾರೆಸ್ಟ್‌ನವ್ರು ಕೇಸ್ ಹಾಕ್ತಾರಂತೆ ಅಂದ್ರು. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲ ನಂಗೆ. ಆಮೇಲೆ ನಮ್ಮನೆಯವ್ರು ಕೂತು ಓದಿ ತಿಳ್ಕೊಂಡಿದ್ದು ಇಷ್ಟು: 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟೀಲಿರೋ ಪ್ರಾಣಿಗಳನ್ನ ಶೆಡ್ಯೂಲ್ 4ಕ್ಕೆ ಸೇರಿಸಿದ್ದಾರೆ, ಅಂಥವನ್ನ ಸಾಕೋರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸ್ಬೇಕು. ಮಕಾವ್, ಆಫ್ರಿಕನ್ ಗ್ರೇ ಥರದ ಗಿಳಿಗಳು ಅದರಲ್ಲಿ ಬರ್ತವೆ. ಸೈಟಿಸ್ ಪಟ್ಟಿಯಿಂದ ಹೊರಗಿಟ್ಟಿರೋ ಕೆಲವೇ ಗಿಳಿ ಜಾತಿಗಳಲ್ಲಿ ಕಾಕಟಿಯಲ್ ಒಂದು, ಬಜ್ಜಿ ಅಂತೀವಲ್ಲ ಬಡ್ಜರಿಗರ್, ಅದೂ ಹಾಗೇ. ಹಾಗಾಗಿ ಇದಕ್ಕೆ ಆ ನೋಂದಣಿ ಬೇಡ. ಆದ್ರೂ ಹಕ್ಕಿಯ ಜಾತಿ ಹೆಸರು ಬರೆಸಿ ಬಿಲ್ ತಗೊಂಡು ಜೋಪಾನವಾಗಿಡಿ, ನಮಗೆ ಆಮೇಲೆ ಉಪಯೋಗಕ್ಕೆ ಬಂತು. 2018ರ ನಿಯಮದ ಪ್ರಕಾರ ಪ್ರಾಣಿ ಮಾರೋ ಅಂಗಡಿಗಳೂ ನೋಂದಣಿ ಆಗಿರ್ಬೇಕು, ಅದನ್ನೂ ಕೇಳಿ.

ಇನ್ನೊಂದು ಮಾತು. ಅದೇ ಅಣ್ಣ, ದುಡ್ಡು ಕೊಟ್ಟು ಯಾಕೆ ತಂದ್ರಿ, ಸಿಲ್ವರ್ ಮರದ ಪೊಟರೇಲಿ ಗಿಳಿ ಮರಿ ಬೇಕಾದಷ್ಟು ಸಿಗ್ತವಲ್ಲ ಅಂದ್ರು. ನಮ್ಮ ಕಾಡಿನ ಗಿಳಿಗಳನ್ನ ಹಿಡಿಯೋದು, ಸಾಕೋದು ಎರಡೂ ಅಪರಾಧ. ಅಪರಾಧ ಅನ್ನೋದು ಒಂದು ಕಡೆ ಇರ್ಲಿ, ಪೊಟರೆಯಿಂದ ಮರಿ ತೆಗೆದ್ಮೇಲೆ ಅದರ ಅಪ್ಪ ಅಮ್ಮ ಮರದ ಸುತ್ತ ಕೂಗ್ತಾ ಹಾರಾಡೋದನ್ನ ಒಂದ್ಸಲ ನೋಡಿದ್ರೆ ಸಾಕು, ಯಾರಿಗೂ ಆ ಮನಸ್ಸು ಬರಲ್ಲ.

ಈಗ ಈ ಹಕ್ಕಿಗಳಿಂದ ನಮಗೆ ಸಿಕ್ಕಿದ ಖುಷಿ ಹೇಳ್ತೀನಿ, ಅದು ತುಂಬಾ ಇದೆ. ಜುಟ್ಟು ನೋಡಿದ್ರೆ ಮನಸ್ಸು ಗೊತ್ತಾಗುತ್ತೆ. ನೆಟ್ಟಗೆ ನಿಂತ್ರೆ ಏನೋ ಕೇಳಿಸಿದೆ ಅಥವಾ ಹೆದರಿದೆ, ತಲೆಗೆ ಅಂಟ್ಕೊಂಡು ಬಾಯಿ ತೆಗೆದು ಉಸ್ ಅಂದ್ರೆ ಕೋಪ, ಅರ್ಧ ಬಾಗಿ ಸುಮ್ನೆ ಇದ್ರೆ ನೆಮ್ಮದಿ. ಸಂಜೆ ಮಗಳು ಓದೋಕೆ ಕೂತ್ರೆ ಬೆಣ್ಣೆ ಪುಸ್ತಕದ ಮೇಲೇ ಇಳಿದು ತಲೆ ಬಗ್ಗಿಸುತ್ತೆ, ಕೆರಿ ಅಂತ ಅರ್ಥ, ಕೆರೀತಿದ್ರೆ ಕಣ್ಣು ಮುಚ್ಚಿ ಕೊಕ್ಕು ಕರಕರ ಅಂತ ಮೆಲ್ಲಗೆ ಮಸೀತಾ ನಿದ್ದೆ ಹೋಗುತ್ತೆ. ಮೋಡ ಗಂಡು, ಅದರ ಶಿಳ್ಳೆ ಕೇಳ್ಬೇಕು. ಕುಕ್ಕರ್ ಕೂಗೋದು, ಮಾವ ಆಳುಗಳನ್ನ ಕರೆಯೋ ಶಿಳ್ಳೆ, ಎರಡೂ ಕಲ್ತಿದೆ. ಮಳೆಗಾಲದಲ್ಲಿ ನಮ್ಮ ತೋಡಿನ ಹತ್ರ ಬೆಳಗಿನ ಜಾವ ಒಂದು ಕಪ್ಪು ನೀಲಿ ಹಕ್ಕಿ ಥೇಟ್ ಹುಡುಗ್ರು ಶಿಳ್ಳೆ ಹಾಕಿದ ಹಾಗೆ ಹಾಡುತ್ತೆ, ನಿಮ್ಮ ಕಡೆಯೂ ಕೇಳಿರ್ತೀರಿ. ಹೋದ ಮಳೆಗಾಲ ಪೂರ್ತಿ ಮೋಡ ಕಿಟಕಿ ಕಡೆ ತಲೆ ಓರೆ ಮಾಡ್ಕೊಂಡು ಅದನ್ನೇ ಕೇಳ್ತಾ ಇತ್ತು, ಸೆಪ್ಟೆಂಬರ್ ಹೊತ್ತಿಗೆ ಆ ಹಾಡಿನ ಮೊದಲ ಎರಡು ಸ್ವರ ಇದರ ಬಾಯಲ್ಲಿ ಬರೋಕೆ ಶುರುವಾಯ್ತು. ಮೂರನೇದಕ್ಕೆ ಈಗ್ಲೂ ತಪ್ಪುತ್ತೆ, ತಪ್ಪಿದ ತಕ್ಷಣ ಮೊದಲಿಂದ ಶುರು ಮಾಡುತ್ತೆ. ಮಾತಂತೂ ‘ಬಾ ಬಾ’ ಬಿಟ್ರೆ ಬೇರೆ ಬರಲ್ಲ. ಬೆಣ್ಣೆ ಹೆಣ್ಣಾದ್ದರಿಂದ ಅದಕ್ಕೆ ಅದೂ ಇಲ್ಲ. ಮಾತಾಡ್ಲಿ ಅಂತ ತರೋದಾದ್ರೆ ಈ ಹಕ್ಕಿ ತರ್ಬೇಡಿ.

ತೊಂದ್ರೆಗಳಲ್ಲಿ ಮೊದಲ್ನೇದು ಧೂಳು. ಈ ಜಾತಿ ಹಕ್ಕಿಗಳ ಮೈಯಿಂದ ಒಂಥರಾ ಬಿಳಿ ಪೌಡರ್ ಉದುರ್ತಾನೇ ಇರುತ್ತೆ, ಅದು ಕಾಯಿಲೆ ಅಲ್ಲ, ಅದರ ಸ್ವಭಾವ. ಬೆಳಿಗ್ಗೆ ಒರೆಸಿದ ಟಿವಿ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೀಬಹುದು. ಮಾವನಿಗೆ ಮೊದ್ಲೇ ಗೂರಲು. 2024ರ ಮಳೆಗಾಲದಲ್ಲಿ ಕಿಟಕಿ ಬಾಗಿಲು ಎಲ್ಲಾ ಮುಚ್ಕೊಂಡಿದ್ದಾಗ ಅವರಿಗೆ ರಾತ್ರಿ ಕೆಮ್ಮು ವಿಪರೀತ ಆಯ್ತು, ಎರಡು ಸಲ ಆಂಟಿಬಯೋಟಿಕ್ ಕೊಟ್ರೂ ಹೋಗ್ಲಿಲ್ಲ. ಕೊನೆಗೆ ಎದೆ ಡಾಕ್ಟ್ರು ಕೇಳಿದ ಮೊದಲ್ನೇ ಪ್ರಶ್ನೆ, ಮನೇಲಿ ಹಕ್ಕಿ ಸಾಕಿದೀರಾ ಅಂತ. ಕೆಲವರಿಗೆ ಹಕ್ಕಿ ಧೂಳಿಂದ ಶ್ವಾಸಕೋಶಕ್ಕೇ ಅಲರ್ಜಿ ಆಗಿ ಬಿಡದೆ ಕಾಡುತ್ತಂತೆ. ಆವತ್ತೇ ಪಂಜರ ನಡುಮನೆಯಿಂದ ಜಗಲಿ ಪಕ್ಕದ ರೂಮಿಗೆ ಹೋಯ್ತು. ದಿನಾ ಒದ್ದೆ ಬಟ್ಟೇಲಿ ನೆಲ ಒರೆಸ್ತೀನಿ, ಬಿಸಿಲಿದ್ದ ದಿನ ಹಕ್ಕಿಗಳಿಗೆ ಸ್ಪ್ರೇಯಲ್ಲಿ ನೀರು ಹೊಡೆದು ಸ್ನಾನ ಮಾಡಿಸ್ತೀನಿ. ಕೆಮ್ಮು ಎಷ್ಟೋ ಕಮ್ಮಿ ಆಯ್ತು. ಮಾವ ಮಾತ್ರ ಈಗ್ಲೂ ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಮೋಡನ ಜೊತೆ ಶಿಳ್ಳೆ ಹಾಕ್ತಾ ಕೂರ್ತಾರೆ. ಮನೇಲಿ ಅಸ್ತಮಾ ಇರೋರಿದ್ರೆ ತರೋಕೆ ಮುಂಚೆ ಅವರ ಡಾಕ್ಟ್ರನ್ನ ಕೇಳಿ. ಹಕ್ಕಿ ಹಿಕ್ಕೆ ಮುಟ್ಟಿದ್ಮೇಲೆ ಸೋಪ್ ಹಾಕಿ ಕೈ ತೊಳೀರಿ, ಸಿಟ್ಟಕೋಸಿಸ್ ಅನ್ನೋ ಜ್ವರ ಹಕ್ಕಿಯಿಂದ ಮನುಷ್ಯರಿಗೆ ಬರುತ್ತೆ.

ನಮ್ಮ ಕಡೆ ಮನೆಗಳಲ್ಲಿ ಸುಮ್ನೆ ಬಿದ್ದಿರೋ ವಸ್ತುಗಳೇ ಇವಕ್ಕೆ ವಿಷ, ಇದನ್ನ ಒತ್ತಿ ಹೇಳ್ತೀನಿ. ಬಟರ್ ಫ್ರೂಟ್ ನಮ್ಮ ಅಂಗಳದಲ್ಲೇ ಬೀಳುತ್ತೆ, ಮನುಷ್ಯರಿಗೆ ಒಳ್ಳೇದು, ಹಕ್ಕಿಗೆ ಒಂದು ತುಂಡೂ ಅಪಾಯ, ಹೃದಯಕ್ಕೇ ಹೊಡೆಯುತ್ತೆ. ಕಾಫಿ ಲೋಟಕ್ಕೆ ಕೊಕ್ಕು ಹಾಕೋಕೆ ಬಿಡ್ಬೇಡಿ, ಚಾಕೊಲೇಟ್, ಈರುಳ್ಳಿ ಕೂಡ ಬೇಡ. ನಾನ್‌ಸ್ಟಿಕ್ ತವಾ ಒಣಗಿ ಕಾದ್ರೆ ಬರೋ ಹೊಗೆ ನಿಮಿಷಗಳಲ್ಲಿ ಹಕ್ಕಿ ಕೊಲ್ಲುತ್ತೆ, ನಾನು ನಮ್ಮನೇದನ್ನ ಹೊರಗೆ ಹಾಕಿ ಕಬ್ಬಿಣದ ಕಾವಲಿಗೆ ವಾಪಸ್ ಬಂದೆ. ಸೌದೆ ಒಲೆ, ಹಂಡೆ ಒಲೆ ಹೊಗೆ ಬರೋ ಕಡೆ ಪಂಜರ ಇಡ್ಬಾರ್ದು. ಕೂರೋಕೆ ಕೋಲು ಬೇಕಾದ್ರೆ ಸೀಬೆ ಕೊಂಬೆ ಒಳ್ಳೇದು, ಆದ್ರೆ ಕಾಫಿ ಸಾಲಿನ ಮಧ್ಯೆ ಇರೋ ಮರದ್ದು ಬೇಡ, ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡೆದಿರ್ತೀವಿ, ಅದರಲ್ಲಿರೋ ಮೈಲುತುತ್ತ ಕೊಂಬೆ ಮೇಲೆಲ್ಲ ಕೂತಿರುತ್ತೆ. ಮಳೆಗಾಲದಲ್ಲಿ ಕಾಳಿಗೆ ಬೂಷ್ಟು ಬೇಗ ಬರುತ್ತೆ, ಅದನ್ನ ತಿಂದ್ರೆ ಲಿವರ್ ಹೋಗುತ್ತೆ, ಹಾಗಾಗಿ ನವಣೆ, ಸಜ್ಜೆ ಎಲ್ಲಾ ಅರ್ಧ ಕೇಜಿ ಅರ್ಧ ಕೇಜಿ ತಂದು ಬಿಗಿ ಮುಚ್ಚಳದ ಡಬ್ಬೀಲಿಡ್ತೀನಿ.

ರಾತ್ರಿ ಗಾಬರಿ ಅನ್ನೋದೂ ಇವಕ್ಕಿದೆ. ಕತ್ತಲೇಲಿ ಏನಾದ್ರೂ ದಢಕ್ ಅಂದ್ರೆ ಹುಚ್ಚೆದ್ದ ಹಾಗೆ ಪಂಜರಕ್ಕೆ ಬಡ್ಕೊಳ್ತವೆ. ಹೋದ ವರ್ಷ ಹಲಸಿನ ಮರದ ಕೊಂಬೆ ಶೀಟಿನ ಮೇಲೆ ಬಿದ್ದಾಗ ಮೋಡ ಹಾಗೆ ಬಡ್ಕೊಂಡು, ಹೊಸದಾಗಿ ಬರ್ತಿದ್ದ ಪುಕ್ಕ ಮುರಿದು ರಕ್ತ ಸುರೀತು, ಕಾರ್ನ್ ಫ್ಲೋರ್ ಒತ್ತಿ ಹಿಡಿದ್ಮೇಲೆ ನಿಂತ್ತು. ಅವತ್ತಿಂದ ಒಂದು ಸಣ್ಣ ಬಲ್ಬ್ ಯುಪಿಎಸ್‌ಗೆ ಹಾಕಿ ರಾತ್ರಿ ಪೂರ್ತಿ ಉರಿಸ್ತೀವಿ.

ಈಗ ಮೊಟ್ಟೆ ವಿಷಯ. ಈ ವರ್ಷ ಫೆಬ್ರವರೀಲಿ ಒಂದಿನ ಪಂಜರದ ತಳದಲ್ಲಿ ಬೆಳ್ಳಗೆ ಒಂದು ಮೊಟ್ಟೆ. ಅಲ್ಲಿಗೆ ಎರಡೂ ಗಂಡು ಅನ್ನೋ ಮಾತು ಮುಗೀತು. ಗಂಡು ಜೊತೆಗಿಲ್ದೇ ಇದ್ರೂ ಹೆಣ್ಣು ಕಾಕಟಿಯಲ್ ಮೊಟ್ಟೆ ಇಡುತ್ತೆ, ಕೋಳಿ ಥರಾನೇ. ನಾವು ಖುಷಿ ಪಟ್ವಿ, ಮಗಳಂತೂ ಒಂದು ಶೂ ಡಬ್ಬಿಗೆ ತೂತು ಮಾಡಿ ಗೂಡು ಅಂತ ಒಳಗಿಟ್ಲು. ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರ ಹಾಗೆ ನಾಲ್ಕರಿಂದ ಆರು ಇಡ್ತವೆ, ಗಂಡು ಹೆಣ್ಣು ಪಾಳಿ ಮೇಲೆ ಸುಮಾರು ಮೂರು ವಾರ ಕಾವು ಕೂರ್ತವೆ. ನಮಗೆ ಮರಿ ಬೇಡ ಅಂತ ನಾನು ಇಟ್ಟ ಹಾಗೆಲ್ಲ ಮೊಟ್ಟೆ ತೆಗೀತಾ ಹೋದೆ. ಇದೇ ನಾನು ಮಾಡಿದ ದೊಡ್ಡ ತಪ್ಪು. ಮೊಟ್ಟೆ ತೆಗೆದ್ರೆ ಕಳೆದುಹೋಯ್ತು ಅಂತ ಅದು ಇನ್ನೊಂದು ಇಡುತ್ತೆ. ಫೆಬ್ರವರಿಯಿಂದ ಜೂನ್ ಒಳಗೆ 19 ಮೊಟ್ಟೆ ಇಡ್ತು, ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ. ಒಂದೊಂದು ಮೊಟ್ಟೆ ಚಿಪ್ಪಿಗೂ ಅದರ ಮೂಳೆಯಿಂದ ಕ್ಯಾಲ್ಸಿಯಂ ಹೋಗ್ತಾ ಇತ್ತು, ನಾನು ಕೊಡ್ತಿದ್ದಿದ್ದು ಬರೀ ಕಾಳು. ಅದರ ಮೇಲೆ ಜೂನಲ್ಲಿ ಮಳೆ ಹಿಡೀತು. ನಮ್ಮ ಕಡೆ ಗೊತ್ತಲ್ಲ, ಸೂರ್ಯನ ಮುಖ ನೋಡೋಕೆ ವಾರಗಟ್ಟಲೆ ಕಾಯ್ಬೇಕು, ಬಿಸಿಲಿಲ್ಲ ಅಂದ್ರೆ ವಿಟಮಿನ್ ಡಿ ಇಲ್ಲ, ಡಿ ಇಲ್ಲ ಅಂದ್ರೆ ತಿಂದ ಕ್ಯಾಲ್ಸಿಯಮ್ಮೂ ಮೈಗೆ ಹತ್ತಲ್ಲ.

ಜುಲೈ ಮೂರನೇ ವಾರ. ಮೂರು ದಿನದಿಂದ ಕರೆಂಟ್ ಇಲ್ಲ, ಯುಪಿಎಸ್ ಸತ್ತಿತ್ತು, ಟವರ್‌ಗೂ ಕರೆಂಟ್ ಇಲ್ದೆ ಫೋನ್ ಸತ್ತಿತ್ತು. ಸಂಜೆ ನಾಲ್ಕರ ಹೊತ್ತಿಗೆ ಬಟ್ಟೆ ಮುಚ್ಚೋಕೆ ಹೋದಾಗ ಬೆಣ್ಣೆ ಪಂಜರದ ತಳದಲ್ಲಿ ಮೂಲೆಗೆ ಕೂತಿತ್ತು. ಮೈಯೆಲ್ಲ ಉಬ್ಬಿಸ್ಕೊಂಡು ಹತ್ತಿ ಉಂಡೆ ಥರ. ಎರಡು ಕಾಲು ಅಗಲ ಮಾಡ್ಕೊಂಡಿದೆ, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಮೇಲೆ ಕೆಳಗೆ. ಕೈ ಕೊಟ್ರೆ ಹತ್ತಲಿಲ್ಲ. ಹೊಟ್ಟೆ ಕೆಳಗೆ ಬೆರಳು ಇಟ್ರೆ ಗಟ್ಟಿಯಾಗಿ ಗುಂಡಗೆ ಸಿಕ್ತು. ಹಕ್ಕಿಗಳು ಕಾಯಿಲೇನ ಕೊನೇವರೆಗೂ ಮುಚ್ಚಿಡ್ತವೆ, ತಳಕ್ಕೆ ಬಂದು ಕೂತಿದೆ ಅಂದ್ರೆ ತಡ ಆಗಿದೆ ಅಂತಾನೇ ಲೆಕ್ಕ. ಇದು ನಂಗೆ ಆವತ್ತು ಗೊತ್ತಿರ್ಲಿಲ್ಲ.

ನಮ್ಮನೆಯವ್ರು ಜೀಪ್ ತೆಗೆದ್ರು. ಊರಿನ ಪಶು ಆಸ್ಪತ್ರೆ ಡಾಕ್ಟ್ರು ಕೆಲಸ ಮುಗಿಸಿ ಹೊರಡ್ತಿದ್ರು, ಪಾಪ ಕೂತು ನೋಡಿದ್ರು. ಮೊಟ್ಟೆ ಸಿಕ್ಕಿಹಾಕ್ಕೊಂಡಿದೆ ಅಂತ ತಕ್ಷಣ ಹೇಳಿದ್ರು. ಆಮೇಲೆ ಅಂದ್ರು, ನೋಡಮ್ಮ, ನಾನು ಸುಳ್ಳು ಧೈರ್ಯ ಹೇಳಲ್ಲ, ದನ ಹಂದಿ ನಾಯಿ ಆಗಿದ್ರೆ ಕೈ ಹಾಕ್ತಿದ್ದೆ, ಇದು ತೊಂಬತ್ತು ಗ್ರಾಂ ಜೀವ, ಹೊಟ್ಟೆ ಒತ್ತೋಕೆ ಹೋದ್ರೆ ಮೊಟ್ಟೆ ಒಳಗೇ ಒಡೆದು ಕೈಯಲ್ಲೇ ಹೋಗುತ್ತೆ, ರಾತ್ರಿ ಪೂರ್ತಿ ಬೆಚ್ಚಗಿಟ್ಟು ಬೆಳಿಗ್ಗೆ ಹಕ್ಕಿ ನೋಡೋ ಡಾಕ್ಟ್ರ ಹತ್ರ ಮೈಸೂರಿಗೆ ಹೊರಡಿ. ಅವರಿಗೆ ನಾನು ಎಷ್ಟು ಕೃತಜ್ಞಳೋ ಹೇಳೋಕಾಗಲ್ಲ. ದಯವಿಟ್ಟು ಎಣ್ಣೆ ಹಚ್ಚಿ ಒತ್ತೋದು, ಮಸಾಜ್ ಮಾಡೋದು ಮನೇಲಿ ಯಾರೂ ಮಾಡ್ಬೇಡಿ. ಆವತ್ತೇ ಹೊರಡೋಣ ಅಂದ್ರೆ ಕುಶಾಲನಗರದ ಕಡೆ ರೋಡಿಗೆ ಮರ ಬಿದ್ದು ಗಾಡಿ ನಿಂತಿದ್ವು.

ರೇಂಜ್ ಸಿಗೋ ತಿರುವಲ್ಲಿ ಜೀಪ್ ನಿಲ್ಸಿ ಫೋನ್ ಮಾಡಿದೆ. ಮೈಸೂರಲ್ಲಿ ಎರಡು ಕಡೆ ನಾವು ಹಕ್ಕಿ ನೋಡಲ್ಲ ಅಂದ್ರು, ಒಂದು ಕಡೆ ಎತ್ತಲೇ ಇಲ್ಲ. ನಾಲ್ಕನೇ ಕಡೆ ಹಕ್ಕಿ ನೋಡೋ ಒಬ್ಬ ಡಾಕ್ಟ್ರು ಮೇಡಂ ಎತ್ತಿ, ಬೆಳಿಗ್ಗೆ ಎಷ್ಟೊತ್ತಿಗಾದ್ರೂ ಬನ್ನಿ, ಮೂವತ್ತು ಡಿಗ್ರಿ ಬಿಸಿ ಇರ್ಲಿ, ಸ್ವಲ್ಪ ಆವಿ ಇರ್ಲಿ, ಕತ್ತಲೆ ಇರ್ಲಿ ಅಂದ್ರು. ಅತ್ತೆ ಕೆಂಡದ ಅಗ್ಗಿಷ್ಟಿಕೆ ತಂದ್ರು, ಬಟ್ಟೆ ಒಣಗಿಸೋಕೆ ಇಡೋದು. ಅದು ಬೇಡ ಅಂದೆ, ಮುಚ್ಚಿದ ರೂಮಲ್ಲಿ ಕೆಂಡದ ಅನಿಲ ಮನುಷ್ಯರಿಗೇ ಆಗಲ್ಲ. ರಟ್ಟಿನ ಡಬ್ಬೀಲಿ ಟವೆಲ್ ಹಾಸಿ, ಎರಡು ಬಾಟಲಿಗೆ ಹಂಡೆಯ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಎರಡು ಕಡೆ ಇಟ್ವಿ, ಮೂಲೇಲಿ ಒಂದು ಒದ್ದೆ ಸ್ಪಂಜ್. ಮುಕ್ಕಾಲು ಗಂಟೆಗೊಮ್ಮೆ ನೀರು ಬದಲಾಯಿಸ್ಬೇಕು. ರಾತ್ರಿ ಪೂರ್ತಿ ಅತ್ತೆ ಒಲೆ ಆರದ ಹಾಗೆ ನೋಡ್ಕೊಂಡ್ರು, ನಾನು ಬಾಟಲಿ ಓಡಾಡಿಸ್ದೆ. ಹೊರಗೆ ಪುಷ್ಯ ಮಳೆ ಶೀಟಿನ ಮೇಲೆ ಧೋ ಅಂತಿತ್ತು, ಪಕ್ಕದ ಪಂಜರದಿಂದ ಮೋಡ ನಿಮಿಷಕ್ಕೊಂದ್ಸಲ ಒಂದೇ ಒಂದು ಶಿಳ್ಳೆ ಹೊಡೆಯೋದು, ಎಂದೂ ಸುಮ್ನಿರದ ಬೆಣ್ಣೆ ಉತ್ತರ ಕೊಡ್ತಿರ್ಲಿಲ್ಲ. ಟಾರ್ಚನ್ನ ಬೆರಳ ಸಂದೀಲಿ ಹಿಡಿದು ಬಾಲ ಅಲ್ಲಾಡ್ತಿದೆಯಾ ಅಂತ ನೋಡೋದು, ಅಲ್ಲಾಡಿದ್ರೆ ಜೀವ ಇದೆ ಅಂತ ನೆಮ್ಮದಿ.

ಬೆಳಿಗ್ಗೆ ಐದೂವರೆಗೆ ರೋಡ್ ಬಿಟ್ಟಿದ್ದಾರೆ ಅಂತ ಸುದ್ದಿ ಬಂತು. ಜೀಪಲ್ಲಿ ಗಾಳಿ ನುಗ್ಗುತ್ತೆ ಅಂತ ಟ್ಯಾಕ್ಸಿ ಮಾಡಿದ್ವಿ. ಕುಶಾಲನಗರದ ಸೇತುವೆ ದಾಟೋವಾಗ ಕಾವೇರಿ ಕೆಂಪಗೆ ದಡದವರೆಗೂ ಬಂದಿದ್ಲು, ಅಲ್ಲೇ ಕೈ ಮುಗಿದೆ. ಬೈಲುಕುಪ್ಪೆ ದಾಟಿ ಪಿರಿಯಾಪಟ್ಟಣ ಬರೋ ಹೊತ್ತಿಗೆ ಮಳೆ ನಿಂತು ಬಿಸಿಲು, ಹುಣಸೂರಲ್ಲಿ ಹೋಟೆಲ್‌ನವ್ರನ್ನ ಕೇಳಿ ಬಾಟಲಿಗೆ ಮತ್ತೆ ಬಿಸಿನೀರು ತುಂಬಿಸ್ಕೊಂಡೆ. ಡ್ರೈವರ್ ಹುಡುಗ, ಅಕ್ಕ ಹಂಪ್ ಬಂದ್ರೆ ಹೇಳ್ತೀನಿ ಡಬ್ಬಿ ಎತ್ತಿ ಹಿಡ್ಕೊಳ್ಳಿ ಅಂತ ಮೈಸೂರುವರೆಗೂ ಪ್ರತಿ ಹಂಪಿಗೂ ಹೇಳ್ದ. ಒಂಬತ್ತು ಗಂಟೆಗೆ ಕ್ಲಿನಿಕ್ ಬಾಗಿಲಲ್ಲಿದ್ವಿ.

ಅಲ್ಲಿ ಮೊದ್ಲು ಕೇಳಿದ್ದು ಜಾತಿ, ವಯಸ್ಸು, ಯಾವಾಗ ತಂದ್ರಿ, ಕಾಲಿಗೆ ರಿಂಗ್ ಇದೆಯಾ, ಎಷ್ಟು ಮೊಟ್ಟೆ ಆಗಿದೆ, ಕೊನೇದು ಯಾವಾಗ. ಅಂಗಡಿ ಬಿಲ್ಲು ಮತ್ತೆ ನನ್ನ ಕ್ಯಾಲೆಂಡರ್ ಫೋಟೋ ಎರಡೂ ಅಲ್ಲಿ ಕೆಲಸಕ್ಕೆ ಬಂದ್ವು. ಎಕ್ಸ್‌ರೇಲಿ ಹೊಟ್ಟೆ ತುಂಬ ಒಂದೇ ಮೊಟ್ಟೆ, ಚಿಪ್ಪಿನ ಗೆರೆ ಎಲ್ಲೆಲ್ಲೋ ಮಾಸಿ ಹೋಗಿತ್ತು, ಅಷ್ಟು ತೆಳು. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ರು, ಚರ್ಮದ ಕೆಳಗೆ ನೀರು ಕೊಟ್ರು, ಬಿಸಿ ಪೆಟ್ಟಿಗೇಲಿಟ್ಟು ಕಾಯೋಣ ಅಂದ್ರು, ಎಷ್ಟೋ ಸಲ ಇಷ್ಟಕ್ಕೇ ತಾನಾಗಿ ಬರುತ್ತಂತೆ. ಮಧ್ಯಾಹ್ನ ಮೂರರ ತನಕ ಬೆಂಚ್ ಮೇಲೆ ಕೂತಿದ್ವಿ. ಬರ್ಲಿಲ್ಲ. ಮೇಡಂ ಹೊರಗೆ ಬಂದು ಒಂದು ಫಾರಂ ಕೊಟ್ರು, ಅರಿವಳಿಕೆ ಕೊಡ್ತೀವಿ, ಜೀವಕ್ಕೆ ಅಪಾಯ ಆಗ್ಬಹುದು, ಒಪ್ಪಿಗೆ ಇದೆ ಅಂತ. ಸೈನ್ ಹಾಕೋವಾಗ ಕೈ ನಡುಗಿ ಅಕ್ಷರ ಸೊಟ್ಟ ಆಯ್ತು. ಸೂಜೀಲಿ ಮೊಟ್ಟೆ ಒಳಗಿನ ದ್ರವ ಎಳೆದು, ಚಿಪ್ಪು ಕುಗ್ಗಿಸಿ, ಮೆಲ್ಲಗೆ ಚೂರು ಚೂರೇ ಹೊರಗೆ ತೆಗೆದ್ರು. ಇಪ್ಪತ್ತು ನಿಮಿಷ ಆಗಿರ್ಬೇಕು, ನಂಗೆ ಅದು ಮುಗಿಯೋದೇ ಇಲ್ಲ ಅನ್ಸಿತ್ತು. ಹತ್ತಿ ಮೇಲೆ ಆ ಚಿಪ್ಪಿನ ಚೂರು ತೋರಿಸಿದ್ರು, ಈರುಳ್ಳಿ ಸಿಪ್ಪೆ ಥರ ಬಾಗ್ತಿತ್ತು. ಒಂದು ರಾತ್ರಿ ಅಲ್ಲೇ ಇಟ್ಕೊಂಡ್ರು.

ಖರ್ಚು ಎಲ್ರೂ ಕೇಳ್ತಾರೆ. ಟ್ಯಾಕ್ಸಿ 4,500, ಕನ್ಸಲ್ಟೇಶನ್ 500, ಎಕ್ಸ್‌ರೇ 800, ಇಂಜೆಕ್ಷನ್ನು, ಮೊಟ್ಟೆ ತೆಗೆದಿದ್ದು, ಒಂದು ರಾತ್ರಿ ಇಟ್ಕೊಂಡಿದ್ದು ಎಲ್ಲಾ ಸೇರಿ 5,200, ನಮ್ಮ ಲಾಡ್ಜ್ ಊಟ 1,600. ಒಟ್ಟು 12,600. ಹಕ್ಕಿ ತಂದಿದ್ದು 2,400ಕ್ಕೆ, ಹಾಗಾದ್ರೆ ಇನ್ನೊಂದು ತರಬಹುದಿತ್ತಲ್ಲ ಅಂತ ನಮ್ಮ ನೆಂಟರೊಬ್ರು ಅಂದ್ರು. ಮಗಳು ಅವರಿಗೆ ಉತ್ತರ ಕೊಡ್ದೆ ಎದ್ದು ಒಳಗೆ ಹೋದ್ಲು. ಮನೇಲಿ ಸಾಕಿದ್ಮೇಲೆ ಅದರ ಬೆಲೆ ಅಂಗಡಿ ಬೆಲೆ ಅಲ್ಲ, ಇಷ್ಟೇ ನಂಗೆ ಅವತ್ತು ಹೇಳೋಕಾಗಿದ್ದು.

ಮೇಡಂ ಹೇಳಿದ ಪಥ್ಯ ಹೀಗಿದೆ. ಶೂ ಡಬ್ಬಿ, ಮೂಲೆ, ಕಪಾಟಿನ ಸಂದು, ಗೂಡಿನ ಥರ ಕಾಣೋದೆಲ್ಲ ತೆಗೀರಿ. ಸಂಜೆ ಆರಕ್ಕೇ ಬಟ್ಟೆ ಮುಚ್ಚಿ ಹದಿಮೂರು ಗಂಟೆ ಮಬ್ಬಲ್ಲಿ ಮಲಗಿಸಿ, ಹಗಲು ಉದ್ದ ಅನ್ಸಿದ್ರೆ ಮೊಟ್ಟೆ ಕಾಲ ಅಂತ ತಿಳ್ಕೊಳ್ಳುತ್ತೆ. ತಲೆ ಕತ್ತು ಮಾತ್ರ ಕೆರೀರಿ, ಬೆನ್ನು ಸವರಬೇಡಿ. ಸೂರ್ಯಕಾಂತಿ ಬೀಜ ಕಮ್ಮಿ ಮಾಡಿ, ನುಗ್ಗೆ ಸೊಪ್ಪು, ಕ್ಯಾರೆಟ್, ಬೇಯಿಸಿದ ಕೋಳಿ ಮೊಟ್ಟೆ ಚಿಪ್ಪಿನ ಸಮೇತ ಪುಡಿ ಮಾಡಿ ಕೊಡಿ, ಕಟ್ಟಲ್ ಫಿಶ್ ಬೋನ್ (ಒಂದು ಸಮುದ್ರಜೀವಿಯ ಕ್ಯಾಲ್ಸಿಯಂ ಇರೋ ಒಳಚಿಪ್ಪು) ಪಂಜರದಲ್ಲಿ ಯಾವಾಗ್ಲೂ ಇರ್ಲಿ. ಅವರು ಬರೆದುಕೊಟ್ಟ ವಿಟಮಿನ್ ಡಿ3 ಇರೋ ಕ್ಯಾಲ್ಸಿಯಂ ಡ್ರಾಪ್ಸ್ ಅಳತೆ ಮೀರ್ಬಾರ್ದು. ಬಿಸಿಲು ಬಂದ್ರೆ ಗಾಜಿನ ಹಿಂದೆ ಅಲ್ಲ, ನೇರ ಬಿಸಿಲಿಗೆ ಹತ್ತು ಹದಿನೈದು ನಿಮಿಷ, ನೆರಳೂ ಸಿಗೋ ಹಾಗೆ. ಮತ್ತೆ ಮೊಟ್ಟೆ ಇಟ್ರೆ ತೆಗೀಬೇಡಿ, ಅದಕ್ಕೇ ಬೇಜಾರಾಗಿ ಬಿಡೋವರೆಗೂ ಕೂರ್ಲಿ. ಮರಿ ಬೇಡ ಅಂದ್ರೆ ಬೇಯಿಸಿ ಆರಿಸಿ ವಾಪಸ್ ಇಡಿ.

ಎರಡನೇ ಸಲ ತೋರಿಸೋಕೆ ಬಸ್ಸಲ್ಲೇ ಹೋದೆ. 2024ರಲ್ಲಿ ಬೆಂಗಳೂರು ಮೈಸೂರು ಬಸ್ಸಲ್ಲಿ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಕೊಟ್ಟ ಸುದ್ದಿ ನೀವೂ ನೋಡಿರ್ತೀರಿ, ಹಕ್ಕಿಗೆ ಅರ್ಧ ಟಿಕೆಟ್ ಅನ್ನೋದು ನಿಯಮ. ಕಂಡಕ್ಟ್ರನ್ನ ಹತ್ತೋವಾಗ್ಲೇ ಕೇಳಿ ತಗೊಂಡೆ, ನಂಗೆ ಶಕ್ತಿ ಯೋಜನೆ ಟಿಕೆಟ್, ಬೆಣ್ಣೆಗೆ ಅರ್ಧ ಟಿಕೆಟ್. ಡಬ್ಬಿ ತೊಡೆ ಮೇಲೆ ಇಟ್ಕೊಳ್ಳಿ, ಕಿಟಕಿ ಗಾಳಿ ತಾಗದ ಸೀಟ್ ನೋಡ್ಕೊಳ್ಳಿ.

ಏಲಕ್ಕಿ ತೂಗೋಕೆ ಇಟ್ಟಿದ್ದ ಸಣ್ಣ ಡಿಜಿಟಲ್ ತಕ್ಕಡಿ ಈಗ ಪಂಜರದ ಪಕ್ಕ ಇದೆ. ದಿನಾ ಬೆಳಿಗ್ಗೆ ತಿನ್ನೋಕೆ ಮುಂಚೆ ತೂಗಿ ಬರೆದಿಡ್ತೀನಿ, ಎರಡು ದಿನದಲ್ಲಿ ಐದು ಗ್ರಾಂ ಏರಿದ್ರೂ ಇಳಿದ್ರೂ ಫೋನ್ ಮಾಡಿ ಅಂದಿದ್ದಾರೆ. ಕ್ಲಿನಿಕ್ಕಿಂದ ಬಂದಾಗ 81 ಇತ್ತು. ಕೊಡಗಿನ ಕಕ್ಕಡ ತಿಂಗಳ 18ರ ದಿನ, ಅತ್ತೆ ಮದ್ದು ಸೊಪ್ಪಿನ ಪಾಯಸ ಮಾಡಿದ ಬೆಳಿಗ್ಗೆ, 88 ತೋರಿಸ್ತು. ಇವತ್ತು 91.

ಹೋದ ವಾರ ಪಕ್ಕದ ತೋಟದ ಅಕ್ಕ ಬಂದು, ಅವರ ಮಗನಿಗೂ ಒಂದು ಜೋಡಿ ತರೋಣ ಅಂತಿದೀವಿ, ತರಬಹುದಾ ಅಂತ ಕೇಳಿದ್ರು. ಹದಿನೈದು ಇಪ್ಪತ್ತು ವರ್ಷ ಬದುಕ್ತವೆ ಅಕ್ಕ, ಮಗ ಕಾಲೇಜಿಗೆ ಹೋದ್ಮೇಲೆ ಯಾರು ನೋಡ್ಕೊಳ್ತಾರೆ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ನಾನೇ ನೋಡ್ಕೊಳ್ತೀನಿ ಅಂದ್ರು. ಹಾಗಾದ್ರೆ ಮಳೆ ಮುಗೀಲಿ, ಅಷ್ಟರೊಳಗೆ ಯುಪಿಎಸ್ ಬ್ಯಾಟರಿ ಸರಿ ಮಾಡಿಸ್ಕೊಳ್ಳಿ ಅಂತ ಹೇಳಿ, ಮೈಸೂರಿನ ಮೇಡಂ ನಂಬರ್ ಒಂದು ಚೀಟೀಲಿ ಬರೆದು ಕೊಟ್ಟೆ.